ಬರೆದ ಮೇಲೆ ನೆನಪು ಬದಲಾದರೆ ಅದು ಸುಳ್ಳಾ?

ದಿನಚರಿ ಬರೆಯಲು ಶುರು ಮಾಡಿದ ಮೇಲೆ ಅಪ್ಪನ ಮೇಲಿನ ಸಿಟ್ಟು ಕಡಿಮೆಯಾಗಿದೆ, ನನಗೆ ನಾನೇ ಸುಳ್ಳು ಹೇಳಿಕೊಳ್ಳುತ್ತಿದ್ದೀನಾ ಅಂತ ಕೇಳಿದ್ದೀರಿ. ಹಾಗೇನೂ ಅನಿಸುವುದಿಲ್ಲ ನನಗೆ.

ನನ್ನ ಕಥೆ ಕೇಳಿ. ನನ್ನನ್ನು ಕಲಬುರಗಿಯ ಹಾಸ್ಟೆಲ್‌ನಲ್ಲಿ ಬಿಟ್ಟ ದಿನ ಅಪ್ಪ ತಿರುಗಿಯೂ ನೋಡದೆ ಹೋದರು. ಇಪ್ಪತ್ತು ವರ್ಷ ಇಷ್ಟೇ ನೆನಪಿತ್ತು. ಬರೆಯಲು ಕೂತಾಗ ಒಂದು ಸಾಲಿಗೆ ನಿಲ್ಲಲಾಗಲಿಲ್ಲ. ಯಾವ ತಿಂಗಳು? ಜೂನ್. ಅಪ್ಪನ ಚಪ್ಪಲಿ ತುಂಬ ಕರಿಮಣ್ಣು ಯಾಕಿತ್ತು? ಹಿಂದಿನ ರಾತ್ರಿ ಮಿರಗದ ಮಳೆ ಸುರಿದಿತ್ತು. ತೊಗರಿ ಬಿತ್ತನೆಗೆ ಹದ ತಪ್ಪಬಾರದಲ್ವಾ, ಅದಕ್ಕೇ ಆ ಅವಸರ. ಊರಿಗೆ ಫೋನ್ ಮಾಡಿ ಅವ್ವನನ್ನು ಕೇಳಿದೆ, ಹೌದು ಅಂದಳು. ಆದರೂ ತಿರುಗಿ ನೋಡಬಹುದಿತ್ತು! ಆ ಸಿಟ್ಟು ಇನ್ನೂ ಸ್ವಲ್ಪ ಇದೆ.

ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ಸತತ 4 ದಿನ, ದಿನಕ್ಕೆ 15 ನಿಮಿಷ ತಮ್ಮ ನೋವಿನ ಬಗ್ಗೆ ಬರೆದರು. ಬರೆದ ಕೂಡಲೇ ಹಲವರಿಗೆ ಬೇಜಾರು ಜಾಸ್ತಿಯೇ ಆಯಿತು. ಮುಂದಿನ ತಿಂಗಳುಗಳಲ್ಲಿ ಮಾತ್ರ, ಘಟನೆಯನ್ನೂ ಭಾವನೆಯನ್ನೂ ಸೇರಿಸಿ ಬರೆದವರು ವೈದ್ಯರ ಹತ್ತಿರ ಹೋಗಿದ್ದು ಕಡಿಮೆ.

ಅನುಮಾನ ಇದ್ದರೆ ಹಳೇ ಪುಟ ಹರಿಯಬೇಡಿ. ತಾರೀಖು ಹಾಕಿ ಹೊಸದನ್ನು ಬೇರೆ ಪುಟದಲ್ಲಿ ಬರೆಯಿರಿ. ಆ ದಿನ ನೆನಪಿರುವವರು ಮನೆಯಲ್ಲಿ ಇದ್ದರೆ ಸುಮ್ನೆ ಒಮ್ಮೆ ಕೇಳಿನೋಡಿ.