ಕೊಯ್ನಾ ನೀರು, ಕೇರಳದ ಬಿಲ್, ರೊಟ್ಟಿ ಲಾರಿ: ರಾಜ್ಯಗಳ ನಡುವಿನ ನೆರವಿನ ಬಗ್ಗೆ ನಿಮ್ಮ ಪ್ರಶ್ನೆಗಳು

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಓದುಗರು ಕೇಳಿದ ಪ್ರಶ್ನೆಗಳಿಗೆ ವಿಪತ್ತು ನಿರ್ವಹಣಾ ತಜ್ಞರು ಇಲ್ಲಿ ಉತ್ತರಿಸಿದ್ದಾರೆ.

ಪ್ರಶ್ನೆ: ನಮ್ಮ ಹೊಲ ಕುಡಚಿ ಹತ್ತಿರ, ಕೃಷ್ಣಾ ದಂಡೆಗೆ ಇದೆ. ಹೊಳೆ ಬಂದಾಗೆಲ್ಲ 'ಮಹಾರಾಷ್ಟ್ರದವರು ಕೊಯ್ನಾ ಡ್ಯಾಮಿನ ನೀರು ಬಿಟ್ಟರು' ಅನ್ನುತ್ತಾರೆ. ಬಿಡುವ ಮೊದಲು ನಮಗೆ ಹೇಳಬೇಕು ಅಂತ ಕಾನೂನು ಇದೆಯಾ, ಇಲ್ಲಾ ಅದು ಅವರ ಮರ್ಜಿನಾ?

ಮರ್ಜಿ ಅಲ್ಲ. ಅಣೆಕಟ್ಟಿನ ಕೆಳಗಿರುವ ಜನರಿಗೆ ಎಚ್ಚರಿಕೆ ಮುಟ್ಟಿಸುವ ವ್ಯವಸ್ಥೆ ಅಣೆಕಟ್ಟು ಯಾರದೋ ಅವರ ಹೊಣೆ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಹಾಗೆ ಹೇಳುತ್ತದೆ. ಅದರ ಜೊತೆಗೆ ಕೇಂದ್ರ ಜಲ ಆಯೋಗ ನದಿ ಮಟ್ಟ ಅಳೆದು ಮುನ್ಸೂಚನೆ ಕೊಡುತ್ತದೆ. ಎರಡೂ ಕಡೆಯ ನೀರಾವರಿ ಅಧಿಕಾರಿಗಳು ಮಳೆಗಾಲದಲ್ಲಿ ಫೋನಿನಲ್ಲಿ ಅಂಕಿ ಹಂಚಿಕೊಳ್ಳುತ್ತಾರೆ. ನನ್ನನ್ನು ಕೇಳಿದರೆ, ನಮ್ಮ ಮೂರು ಜಿಲ್ಲೆಗಳಿಗೆ ಪಕ್ಕದ ರಾಜ್ಯ ಕೊಡಬಹುದಾದ ದೊಡ್ಡ ನೆರವು ಈ ಅಂಕಿಗಳೇ. ಅಕ್ಕಿ ಮೂಟೆ, ಬೋಟು, ಚೆಕ್ಕು ಎಲ್ಲ ಆಮೇಲೆ. ಆರು ತಾಸು ಮೊದಲು ಗೊತ್ತಾದರೆ ದನ ಹೊಡೆದುಕೊಂಡು ಹೋಗಬಹುದು, ಪಂಪ್‌ಸೆಟ್ ಬಿಚ್ಚಿ ಮೇಲಿಡಬಹುದು.

ಆದರೆ ನೀವು ಕೊಯ್ನಾ ಒಂದನ್ನೇ ನೋಡುತ್ತಾ ಕೂತರೆ ಮೋಸ ಹೋಗುತ್ತೀರಿ. ಕೊಯ್ನಾ ನದಿ ಕರಾಡದಲ್ಲಿ ಕೃಷ್ಣೆಗೆ ಸೇರುತ್ತದೆ. ಸಾಂಗಲಿ ಹತ್ತಿರ ವಾರಣಾ ಕೂಡುತ್ತದೆ, ನರಸೋಬವಾಡಿಯಲ್ಲಿ ಪಂಚಗಂಗಾ. ರಾಜಾಪುರ ಬ್ಯಾರೇಜ್ ದಾಟಿ ಚಿಕ್ಕೋಡಿ ತಾಲೂಕಿಗೆ ಬಂದ ಮೇಲೆ ಕಲ್ಲೋಳದ ಬಳಿ ದೂಧಗಂಗಾ ಬಂದು ಸೇರುತ್ತದೆ. ಇದರಲ್ಲಿ ಬಹಳಷ್ಟು ನೀರು ಅಣೆಕಟ್ಟುಗಳ ಕೆಳಗೆ ಬಿದ್ದ ಮಳೆಯದು. ಅದಕ್ಕೆ ಗೇಟೂ ಇಲ್ಲ, ಕೀಲಿಯೂ ಇಲ್ಲ. ಕೊಲ್ಹಾಪುರ ಜಿಲ್ಲೆಯ ರಾಧಾನಗರಿಯಲ್ಲಂತೂ ಸ್ವಯಂಚಾಲಿತ ಗೇಟುಗಳಿವೆ. ನೀರು ತುಂಬಿದರೆ ತಾವೇ ತೆರೆದುಕೊಳ್ಳುತ್ತವೆ, ಯಾವ ಮಂತ್ರಿಯ ಅಪ್ಪಣೆಗೂ ಕಾಯುವುದಿಲ್ಲ.

ಹಾಗಾಗಿ ನಿಮಗೆ ಬೇಕಾದದ್ದು ಎರಡು ಅಂಕಿ: ರಾಜಾಪುರ ಬ್ಯಾರೇಜಿನಿಂದ ಎಷ್ಟು ಕ್ಯೂಸೆಕ್ (ಸೆಕೆಂಡಿಗೆ ಹರಿಯುವ ಘನ ಅಡಿ ನೀರು), ದೂಧಗಂಗೆಯಿಂದ ಎಷ್ಟು. ಎರಡನ್ನೂ ಕೂಡಿಸಿದರೆ ಕಲ್ಲೋಳದ ಲೆಕ್ಕ ಸಿಗುತ್ತದೆ. ಕುಡಚಿಗೆ ಬರುವ ನೀರು ಅದೇ.

ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ನಾವು ಕೊಯ್ನಾ ಕಡೆ ಬೆರಳು ತೋರಿಸಿದರೆ ಸಾಂಗಲಿ, ಕೊಲ್ಹಾಪುರದವರು ನಮ್ಮ ಆಲಮಟ್ಟಿ ಅಣೆಕಟ್ಟಿನ ಕಡೆ ತೋರಿಸುತ್ತಾರೆ. ಆಲಮಟ್ಟಿ ಹಿನ್ನೀರಿನಿಂದಲೇ ತಮ್ಮ ಊರು ಮುಳುಗುತ್ತದೆ ಎನ್ನುವುದು ಅವರ ದೂರು. 2019ರ ಆಗಸ್ಟ್‌ನಲ್ಲಿ ಆಲಮಟ್ಟಿಯಿಂದ 5 ಲಕ್ಷ ಕ್ಯೂಸೆಕ್ ಬಿಡಿ ಅಂತ ಮಹಾರಾಷ್ಟ್ರದ ಮುಖ್ಯಮಂತ್ರಿ ನಮ್ಮ ಮುಖ್ಯಮಂತ್ರಿಯನ್ನು ಕೇಳಿಕೊಂಡರು. ಸುಮ್ನೆ ಲೆಕ್ಕ ಹಾಕಿ ನೋಡಿ. 1 ಲಕ್ಷ ಕ್ಯೂಸೆಕ್ ಒಂದು ದಿನ ಹರಿದರೆ ಸುಮಾರು 8.6 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ). 5 ಲಕ್ಷ ಅಂದರೆ ದಿನಕ್ಕೆ 43 ಟಿಎಂಸಿ. ಆಲಮಟ್ಟಿ ಹಿಡಿಯುವುದೇ 123 ಟಿಎಂಸಿ. ಮೂರನೇ ಒಂದು ಭಾಗ ಖಾಲಿ ಇಟ್ಟುಕೊಂಡಿದ್ದರೂ ಅದು ತುಂಬಲು ಒಂದು ಹಗಲು ಒಂದು ರಾತ್ರಿ ಸಾಕು. ಇತ್ತ ಜಾಸ್ತಿ ಬಿಟ್ಟರೆ ನಾರಾಯಣಪುರದ ಕೆಳಗೆ ಯಾದಗಿರಿ, ರಾಯಚೂರಿನ ಊರುಗಳು ಕಾಯುತ್ತಿರುತ್ತವೆ, ಅದರಾಚೆ ತೆಲಂಗಾಣ. ಆಲಮಟ್ಟಿ ಅಣೆಕಟ್ಟಿನ ಎತ್ತರ ಹೆಚ್ಚಿಸುವ ಜಗಳ ಕೃಷ್ಣಾ ಜಲ ನ್ಯಾಯಾಧಿಕರಣ ದಾಟಿ ಸುಪ್ರೀಂ ಕೋರ್ಟಿಗೆ ಹೋಗಿದೆ, ಅದು ತನ್ನ ಪಾಡಿಗೆ ನಡೆಯಲಿ. ಗೇಟಿನ ಅಂಕಿಯನ್ನು ತಾಸಿಗೊಮ್ಮೆ ಹಂಚಿಕೊಳ್ಳಲು ಆ ತೀರ್ಪಿಗೆ ಕಾಯಬೇಕಾಗಿಲ್ಲ. 2021ರ ಜೂನ್‌ನಲ್ಲಿ ಮಹಾರಾಷ್ಟ್ರದ ಜಲಸಂಪನ್ಮೂಲ ಸಚಿವರು ಬೆಂಗಳೂರಿಗೆ ಬಂದು ಮಾತಾಡಿ ಹೋದದ್ದೂ ಈ ಹೊಂದಾಣಿಕೆಗಾಗಿಯೇ.

ಪ್ರಶ್ನೆ: ರಾಮದುರ್ಗದಲ್ಲಿ ಮಲಪ್ರಭಾ ಬಂದಾಗ ಬೋಟು ತಂದ ಜವಾನರಿಗೆ ಕನ್ನಡ ಬರುತ್ತಿರಲಿಲ್ಲ. ಬೇರೆ ರಾಜ್ಯದ ಪಡೆ ಬಂದರೆ ಖರ್ಚು ಯಾರದು?

ಅವರು ಎನ್‌ಡಿಆರ್‌ಎಫ್‌, ಅಂದರೆ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯವರು ಇರಬೇಕು. ಅದು ಕೇಂದ್ರದ ಪಡೆ, ಬೇರೆ ರಾಜ್ಯದ್ದಲ್ಲ. ಕರ್ನಾಟಕವನ್ನು ನೋಡಿಕೊಳ್ಳುವುದು ಆಂಧ್ರದಲ್ಲಿರುವ 10ನೇ ಬೆಟಾಲಿಯನ್. ಪುಣೆಯ 5ನೇ ಬೆಟಾಲಿಯನ್ ನಕ್ಷೆಯಲ್ಲಿ ನಮಗೆ ಹತ್ತಿರ, ಆದರೆ ಸಾಂಗಲಿ ಮುಳುಗುವ ದಿನವೇ ನಾವೂ ಮುಳುಗುವುದರಿಂದ ಅವರಿಗೆ ಅಲ್ಲೇ ಕೈತುಂಬ ಕೆಲಸ. ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿ ದಳದ ಕೇಂದ್ರ ಇರುವುದು ನಮ್ಮ ಪುಣ್ಯ. ಜಿಲ್ಲಾಡಳಿತ ಕೇಳಿದರೆ ಸೇನೆ ಬೇಗ ಬರುತ್ತದೆ. ಇನ್ನು ಹೆಲಿಕಾಪ್ಟರ್: ಅದಕ್ಕೆ ಬಿಲ್ಲು ಬರುತ್ತದೆ. 2006ರಿಂದ ವಯನಾಡು ಭೂಕುಸಿತದವರೆಗಿನ ಹಾರಾಟಕ್ಕೆ 132 ಕೋಟಿ ರೂಪಾಯಿ ಕೊಡಿ ಅಂತ ಕೇಂದ್ರ 2024ರಲ್ಲಿ ಕೇರಳವನ್ನು ಕೇಳಿ ದೊಡ್ಡ ಗದ್ದಲವೇ ಆಯಿತು. ಹೆಣ ಎತ್ತಿದ್ದಕ್ಕೂ ಬಾಡಿಗೆ ಕೇಳುವುದು ನನಗಂತೂ ಸರಿ ಕಾಣುವುದಿಲ್ಲ.

ಪ್ರಶ್ನೆ: ನಮ್ಮ ಸರ್ಕಾರ ಕೇರಳಕ್ಕೆ ಕೋಟಿಗಟ್ಟಲೆ ಕೊಟ್ಟಿತು. ಬಾದಾಮಿ ತಾಲೂಕಿನಲ್ಲಿ ನಮ್ಮ ಮನೆ ಬಿದ್ದಾಗ ಬೇರೆ ರಾಜ್ಯದ ದುಡ್ಡು ನಮಗೆ ಬರಲಿಲ್ಲವಲ್ಲ?

2018ರಲ್ಲಿ ಕರ್ನಾಟಕ ಕೇರಳಕ್ಕೆ 10 ಕೋಟಿ ಕೊಟ್ಟಿದ್ದು ನಿಜ. ತೆಲಂಗಾಣ 25 ಕೋಟಿ ಕೊಟ್ಟಿತು. ಇಂಥ ಹಣ ಆ ರಾಜ್ಯದ ಮುಖ್ಯಮಂತ್ರಿ ಪರಿಹಾರ ನಿಧಿಗೆ ಹೋಗುತ್ತದೆ. ಅದನ್ನು ಮನೆಮನೆಗೆ ಪಾಲು ಹಾಕುವುದಿಲ್ಲ. ನಿಮ್ಮ ಖಾತೆಗೆ ಬರುವ ಪರಿಹಾರದ ದಾರಿಯೇ ಬೇರೆ. ಅದು ರಾಜ್ಯ ವಿಪತ್ತು ಪರಿಹಾರ ನಿಧಿಯದು, ಅದರಲ್ಲಿ 75 ಪಾಲು ಕೇಂದ್ರದ್ದು, 25 ಪಾಲು ರಾಜ್ಯದ್ದು. ದರ ಮೊದಲೇ ನಿಗದಿಯಾಗಿರುತ್ತದೆ. 2019ರಲ್ಲಿ ಬಯಲು ಸೀಮೆಯಲ್ಲಿ ಪೂರ್ತಿ ಬಿದ್ದ ಮನೆಗೆ ಆ ದರ 95,100 ರೂಪಾಯಿ. ಅದಕ್ಕೆ ರಾಜ್ಯ ತನ್ನ ಕೈಯಿಂದ ಸೇರಿಸಿ 5 ಲಕ್ಷ ಮಾಡಿತು. 2022ರಲ್ಲಿ ಕೇಂದ್ರದ ದರ 1.2 ಲಕ್ಷಕ್ಕೆ ಏರಿತು.

10 ಕೋಟಿ ಕೇಳಲು ದೊಡ್ಡದು. 5 ಲಕ್ಷದ ಲೆಕ್ಕದಲ್ಲಿ ಅದಕ್ಕೆ 200 ಮನೆ ಆಗುತ್ತವೆ, ಅಷ್ಟೇ. ಅದಕ್ಕೇ 2024ರಲ್ಲಿ ವಯನಾಡಿಗೆ ಕರ್ನಾಟಕ '100 ಮನೆ ಕಟ್ಟಿಕೊಡುತ್ತೇವೆ' ಅಂದದ್ದು ನನಗೆ ಹಿಡಿಸಿತು. ಚೆಕ್ಕಿನ ಲೆಕ್ಕ ಯಾರೂ ಕೇಳುವುದಿಲ್ಲ, ಮನೆಯ ಲೆಕ್ಕ ಕೇಳುತ್ತಾರೆ. ನಿಮ್ಮ ವಿಷಯದಲ್ಲಿ ಮಾತ್ರ ಎಲ್ಲ ನಿಂತಿರುವುದು ಪಂಚನಾಮೆಯ ಮೇಲೆ. ನೀರು ಇಳಿದ ಕೂಡಲೇ ಗೋಡೆ ಸರಿ ಮಾಡಲು ಹೋಗಬೇಡಿ. ಮೊದಲು ಫೋಟೋ ತೆಗೆಯಿರಿ, ಗ್ರಾಮ ಆಡಳಿತಾಧಿಕಾರಿ (ಮೊದಲಿನ ಗ್ರಾಮ ಲೆಕ್ಕಾಧಿಕಾರಿ) ಬಂದು ನೋಡಲಿ. ಪೂರ್ತಿ ಬಿದ್ದದ್ದು ಅಂತ ಬರೆದರೋ, ಭಾಗಶಃ ಅಂತ ಬರೆದರೋ ಅಲ್ಲೇ ಕೇಳಿ ತಿಳಿದುಕೊಳ್ಳಿ.

ಪ್ರಶ್ನೆ: ಬೇಸಿಗೆಯಲ್ಲಿ ಮಹಾರಾಷ್ಟ್ರ ನಮಗೆ ಕುಡಿಯಲು ಬಿಡುವ ನೀರು ಉಪಕಾರವೋ, ಸಾಲವೋ? (ವಿಜಯಪುರದಿಂದ)

ಎರಡೂ ಸೇರಿದ್ದು. ಕೃಷ್ಣೆ ಬತ್ತಿದ ವರ್ಷ ಕೊಯ್ನಾ ಅಥವಾ ವಾರಣಾದಿಂದ ಒಂದೆರಡು ಟಿಎಂಸಿ ಬಿಡಿ ಅಂತ ಕರ್ನಾಟಕ ಕೇಳುವುದು ಹಳೆಯ ರೂಢಿ. ದುಡ್ಡು ಬೇಡ, ನೀರಿಗೆ ನೀರೇ ಕೊಡಿ, ಮಹಾರಾಷ್ಟ್ರದ ಗಡಿಯ ಜತ್ತ ಮತ್ತು ಅಕ್ಕಲಕೋಟದ ಬರಪೀಡಿತ ಊರುಗಳಿಗೆ ಹರಿಸಿ ಅಂತ ಅವರು ಕೇಳುತ್ತಾ ಬಂದಿದ್ದಾರೆ. ಭೂಗೋಳ ನೋಡಿದರೆ ಇದು ನ್ಯಾಯವಾದ ಬೇಡಿಕೆಯೇ. ಜತ್ತಕ್ಕೆ ಅವರ ಕಾಲುವೆಗಿಂತ ನಮ್ಮ ತುಬಚಿ-ಬಬಲೇಶ್ವರ ಏತ ನೀರಾವರಿ ಹತ್ತಿರ. 2022ರ ಕೊನೆಯಲ್ಲಿ ಗಡಿ ಗಲಾಟೆ ಜೋರಾಗಿದ್ದಾಗ ಆ ಯೋಜನೆಯ ನೀರು ಜತ್ತ ತಾಲೂಕಿನ ಕೆರೆಗೆ ಹರಿಯಿತು. ಆಗ ಅದನ್ನು ರಾಜಕೀಯ ಅಂದವರೇ ಜಾಸ್ತಿ. ಇರಬಹುದು, ಆದರೆ ಕೆರೆ ತುಂಬಿತಲ್ಲ. ಈ ವಿನಿಮಯ ಬೇಸಿಗೆಗೊಮ್ಮೆ ಪತ್ರ ಬರೆದು ಕೇಳುವ ಕೆಲಸವಾಗಬಾರದು. ಎಷ್ಟು ಬಿಡಬೇಕು, ಯಾವಾಗ, ಎಲ್ಲಿ ಅಳೆಯಬೇಕು ಅಂತ ಒಂದು ಲಿಖಿತ ಒಪ್ಪಂದ ಬೇಕು.

ಪ್ರಶ್ನೆ: ನಾವು ಜಮಖಂಡಿಯ ಗೆಳೆಯರು. ಬೇರೆ ರಾಜ್ಯದಲ್ಲಿ ನೆರೆ ಬಂದರೆ ಲಾರಿ ತುಂಬಿ ಸಾಮಾನು ಒಯ್ಯಬೇಕು ಅಂತ ಇದ್ದೇವೆ. ಏನು ಒಯ್ಯಬೇಕು?

ಮೊದಲು ಫೋನ್ ಮಾಡಿ, ಆಮೇಲೆ ಲಾರಿ ತುಂಬಿ. ಆ ಜಿಲ್ಲೆಯ ಕಂಟ್ರೋಲ್ ರೂಮಿಗೆ ಕೇಳಿದರೆ ಏನು ಬೇಕು, ಯಾವ ರಸ್ತೆ ತೆರೆದಿದೆ ಹೇಳುತ್ತಾರೆ. ನಮ್ಮಲ್ಲಿ ಜಿಲ್ಲಾ ಸಹಾಯವಾಣಿ 1077.

ಹಳೇ ಬಟ್ಟೆ ಬೇಡವೇ ಬೇಡ. ಅದನ್ನು ಬೇರ್ಪಡಿಸಲು ಕಾಳಜಿ ಕೇಂದ್ರದಲ್ಲಿ ಯಾರಿಗೂ ಪುರುಸೊತ್ತು ಇರುವುದಿಲ್ಲ, ಕೊನೆಗೆ ಅದು ರಸ್ತೆ ಬದಿ ಕೊಳೆಯುತ್ತದೆ. ನಮ್ಮ ಕಡೆಯ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಒಳ್ಳೆಯವೇ, ಒಲೆ ಹೊತ್ತಿಸಲಾಗದ ಮೊದಲೆರಡು ದಿನಕ್ಕೆ. ಒದ್ದೆಯಾಗದಂತೆ ಕಟ್ಟಬೇಕು ಅಷ್ಟೇ. ಟಾರ್ಪಾಲು, ಹೊಸ ಒಳಉಡುಪು, ಸ್ಯಾನಿಟರಿ ಪ್ಯಾಡು, ಬ್ಲೀಚಿಂಗ್ ಪುಡಿ, ಕೆಸರು ತೆಗೆಯುವ ಸಲಿಕೆ ಇವುಗಳನ್ನು ಜನ ಮರೆಯುತ್ತಾರೆ. ದನಕ್ಕೆ ಕಣಿಕಿ ಅಥವಾ ಒಣ ಮೇವು ಇದ್ದರೆ ಕೇಳುವುದೇ ಬೇಡ.

ನಿಮ್ಮಲ್ಲಿ ಎಲೆಕ್ಟ್ರಿಷಿಯನ್ನು, ಪಂಪು ರಿಪೇರಿಯವರು ಇದ್ದರೆ ಸಾಮಾನಿಗಿಂತ ಅವರಿಗೆ ಬೇಡಿಕೆ ಜಾಸ್ತಿ. 2019ರ ಫೋನಿ ಚಂಡಮಾರುತದ ನಂತರ ಒಡಿಶಾದಲ್ಲಿ ಕರೆಂಟು ಮರಳಿ ಬರಲು ಹೊರರಾಜ್ಯದ ಲೈನ್‌ಮನ್‌ಗಳೂ ಕಂಬ ಹತ್ತಬೇಕಾಯಿತು. ಅದಕ್ಕೂ ಹಿಂದಿನ ವರ್ಷ ಅದೇ ಒಡಿಶಾ ತನ್ನ ಅಗ್ನಿಶಾಮಕ ಸಿಬ್ಬಂದಿಯನ್ನು ಬೋಟು ಸಮೇತ ಕೇರಳಕ್ಕೆ ಕಳಿಸಿತ್ತು. ಸಾಮಾನು ಜಾಸ್ತಿ ಇದ್ದರೆ ರೈಲ್ವೆಯನ್ನೂ ವಿಚಾರಿಸಿ. ಕೇರಳದ ನೆರೆಗೆ ಸರ್ಕಾರದ ಹೆಸರಿಗೆ ಕಳಿಸಿದ ಪರಿಹಾರ ಸಾಮಗ್ರಿಗೆ ಅವರು ಬಾಡಿಗೆ ತೆಗೆದುಕೊಂಡಿರಲಿಲ್ಲ. ಪ್ರತಿ ಸಲ ಆ ರಿಯಾಯಿತಿಗೆ ಹೊಸ ಆದೇಶ ಬೇಕು, ಆದ್ದರಿಂದ ಬುಕ್ ಮಾಡುವ ಮೊದಲೇ ಕೇಳಿ.