ಅಪ್ಪನಿಗೆ 50ಕ್ಕೇ ಹಾರ್ಟ್ ಅಟ್ಯಾಕ್ ಆಗಿತ್ತು, ನನಗೀಗ 41. ರಿಸ್ಕ್ ಎಷ್ಟಿದೆ ಅಂತ ತಿಳ್ಕೊಳ್ಳೋಕೆ ಕಾರ್ಡಿಯಾಕ್ ಎಂಆರ್‌ಐ ಮಾಡಿಸ್ಲಾ?

ಬೇಡ. ನಾನೂ ನಿಮ್ಮ ಥರಾನೇ, ದೊಡ್ಡ ಸ್ಕ್ಯಾನ್ ಅಂದ್ರೆ ಎಲ್ಲಾ ಗೊತ್ತಾಗುತ್ತೆ ಅಂದ್ಕೊಂಡಿದ್ದವನು.

ನನ್ನ ಇಸಿಜಿ ನೋಡಿ ಡಾಕ್ಟ್ರಿಗೆ ಹಾರ್ಟಿನ ಗೋಡೆ ದಪ್ಪ ಆಗಿದೆಯೇನೋ ಅಂತ ಡೌಟ್ ಬಂತು, ಎಕೋದಲ್ಲಿ (ಹಾರ್ಟಿನ ಅಲ್ಟ್ರಾಸೌಂಡ್) ಸರಿಯಾಗಿ ಕಾಣ್ಲಿಲ್ಲ, ಅದಕ್ಕೆ ಎಂಆರ್‌ಐ ಬರ್ಕೊಟ್ರು. ಎದೆಗೂದಲು ಬೋಳಿಸಿ ಸ್ಟಿಕ್ಕರ್ ಅಂಟಿಸಿ ಒಳಗೆ ತಳ್ಳಿದ್ರು, ಹೆಡ್‌ಫೋನಲ್ಲಿ "ಉಸಿರು ತಗೊಳ್ಳಿ, ಬಿಡಿ, ಹಿಡ್ಕೊಳ್ಳಿ" ಅಂತ ಮುಕ್ಕಾಲು ಗಂಟೆ ಅದೇ ರಾಗ, ಮಧ್ಯೆ ಚಿತ್ರ ಎದ್ದು ಕಾಣೋಕೆ ಗ್ಯಾಡೋಲಿನಿಯಂ ಅನ್ನೋ ಔಷಧಿ ನರಕ್ಕೆ ಬಿಟ್ಟಾಗ ತೋಳಲ್ಲಿ ತಣ್ಣಗೆ ಮೇಲಕ್ಕೆ ಹತ್ತಿದ್ದು ಗೊತ್ತಾಯ್ತು. ಒಂದ್ಹತ್ತು ನಿಮಿಷ ಬಿಟ್ಟು ನೋಡಿದ್ರೆ ಸ್ನಾಯುವಲ್ಲಿ ಹಳೇ ಗಾಯದ ಕಲೆ ಇರೋ ಜಾಗ ಬೆಳ್ಳಗೆ ಕಾಣುತ್ತೆ. ನನಗೆ ಎಲ್ಲೂ ಬಿಳಿ ಇಲ್ಲ, ಗೋಡೆ ನಾರ್ಮಲ್, ಇಜೆಕ್ಷನ್ ಫ್ರಾಕ್ಷನ್ (ಒಂದೊಂದು ಬಡಿತಕ್ಕೆ ಹಾರ್ಟ್ ಹೊರಗೆ ತಳ್ಳೋ ರಕ್ತದ ಪಾಲು) 62%, ಅದೂ ನಾರ್ಮಲ್.

ಆ ರಿಪೋರ್ಟ್ ಕೈಗೆ ಬಂದ ವಾರಾನೇ ಕೊಲೆಸ್ಟ್ರಾಲ್ ಮಾತ್ರೆ ನಿಲ್ಲಿಸ್ದೆ. ಯಾರನ್ನೂ ಕೇಳ್ಲಿಲ್ಲ. ಡಾಕ್ಟ್ರು ಆ ಸ್ಕ್ಯಾನಿಗೆ ಕೇಳಿದ್ದು ಸ್ನಾಯು ದಪ್ಪ ಇದ್ಯಾ, ಕಲೆ ಇದ್ಯಾ ಅಂತ ಅಷ್ಟೇ, ನಾನು ಅದನ್ನ ಇಡೀ ಹಾರ್ಟಿಗೆ ಕೊಟ್ಟ ಸರ್ಟಿಫಿಕೇಟ್ ಅಂದ್ಕೊಂಡೆ. ರಕ್ತನಾಳದ ಗೋಡೇಲಿ ಕೊಬ್ಬು ಕೂತಿದ್ಯಾ ಅನ್ನೋದು ಅದ್ರಲ್ಲಿ ಇರ್ಲೇ ಇಲ್ಲ! ನಾಳ ಅರ್ಧಕ್ಕಿಂತ ಹೆಚ್ಚು ಕಿರಿದಾಗಿದ್ರೂ ಸುಮ್ನೆ ಮಲಗಿರೋವಾಗ ಸ್ನಾಯುಗೆ ಬೇಕಾದಷ್ಟು ರಕ್ತ ಬರ್ತಾನೇ ಇರುತ್ತೆ, ಚಿತ್ರ ಚೆನ್ನಾಗೇ ಬರುತ್ತೆ. ಅಡಿನೋಸಿನ್ ಅನ್ನೋ ರಕ್ತನಾಳ ಹಿಗ್ಗಿಸೋ ಔಷಧಿ ಕೊಟ್ಟು ಮಾಡೋ ಸ್ಟ್ರೆಸ್ ಎಂಆರ್‌ಐ ಬೇರೆ, ಅದ್ರಲ್ಲಿ ರಕ್ತದ ಕೊರತೆ ಕಾಣುತ್ತೆ, ಆದ್ರೆ ಅದು ಎದೆನೋವು ಇರೋರಿಗೆ.

ಆಮೇಲೆ ಮನೆ ಶಿಫ್ಟ್ ಮಾಡೋವಾಗ ಮೆಟ್ಟಿಲಲ್ಲಿ ಎದೆ ಬಿಗಿದ್ಕೊಂಡು ದವಡೆವರೆಗೂ ನೋವು, ಎಂಆರ್‌ಐ ನಾರ್ಮಲ್ ಅಲ್ವಾ ಗ್ಯಾಸೇ ಇರ್ಬೇಕು ಅಂತ ಸೋಡಾ ಕುಡ್ದು ಕೂತೆ, ನನ್ನ ಹೆಂಡ್ತಿ ಬೈದು ಆಟೋ ಹತ್ತಿಸಿದ್ಳು. ಆಂಜಿಯೋಗ್ರಾಂ, ಸ್ಟೆಂಟ್, ಉಳಿತಾಯ ಎಲ್ಲಾ ಖಾಲಿ.

ಅಮೆರಿಕದಲ್ಲಿ 2000ದಲ್ಲಿ ಶುರುವಾದ ಮೆಸಾ ಅನ್ನೋ ಅಧ್ಯಯನದಲ್ಲಿ ಹಾರ್ಟಿನ ಕಾಯಿಲೆ ಇಲ್ದಿರೋ ಸಾವಿರಾರು ಜನಕ್ಕೆ ಎಂಆರ್‌ಐ ಮಾಡಿದ್ರು, ಸ್ನಾಯುವಿನ ತೂಕ ಜಾಸ್ತಿ ಇದ್ದೋರಿಗೆ ಮುಂದೆ ಹಾರ್ಟ್ ಫೇಲ್ಯೂರ್ ಹೆಚ್ಚು ಅಂತ ಗೊತ್ತಾಯ್ತು. ಹಾರ್ಟ್ ಅಟ್ಯಾಕಿನ ರಿಸ್ಕ್ ಹೇಳೋದ್ರಲ್ಲಿ ಅಲ್ಲಿ ಹೆಸರು ಮಾಡಿದ್ದು ಸಿಟಿ ಕ್ಯಾಲ್ಸಿಯಂ ಸ್ಕೋರು, ಅಂದ್ರೆ ಹಾರ್ಟಿನ ರಕ್ತನಾಳದಲ್ಲಿ ಗಟ್ಟಿಯಾಗಿ ಕೂತಿರೋ ಕ್ಯಾಲ್ಸಿಯಂನ ಸಿಟಿ ಸ್ಕ್ಯಾನಲ್ಲಿ ಅಳೆಯೋದು. (ಅದ್ರಲ್ಲಿ ಬಿಳಿಯರು, ಕರಿಯರು, ಹಿಸ್ಪಾನಿಕ್, ಚೀನಾ ಮೂಲದವರು ಇದ್ರು, ನಮ್ಮ ಕಡೆಯೋರನ್ನ ಸೇರಿಸ್ಲೇ ಇಲ್ಲ, ಇರ್ಲಿ.)

ನಿಮ್ಮ ಜಾಗದಲ್ಲಿ ನಾನಿದ್ರೆ ಬಿಪಿ, ಶುಗರ್, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್), ಜೊತೆಗೆ ಜೀವನದಲ್ಲಿ ಒಂದ್ಸಲ ರಕ್ತದಲ್ಲಿ ಲಿಪೋಪ್ರೋಟೀನ್ ಎ ಅನ್ನೋ ಕೊಬ್ಬಿನ ಕಣ ಎಷ್ಟಿದೆ ಅಂತ ನೋಡಿಸ್ತೀನಿ, ಅದು ವಂಶಪಾರಂಪರ್ಯವಾಗಿ ಬರೋದು. ಡಾಕ್ಟ್ರು ಹೇಳಿದ್ರೆ ಕ್ಯಾಲ್ಸಿಯಂ ಸ್ಕೋರ್, ಇಂಜೆಕ್ಷನ್ ಇಲ್ಲ, ಕೆಲವೇ ನಿಮಿಷ, ಸ್ವಲ್ಪ ರೇಡಿಯೇಷನ್ ಇರುತ್ತೆ. ನಲವತ್ತರ ಆಸುಪಾಸಲ್ಲಿ ಸೊನ್ನೆ ಬಂತು ಅಂತ ಹಿಗ್ಗಬೇಡಿ, ಇನ್ನೂ ಗಟ್ಟಿಯಾಗದ ಕೊಬ್ಬು ಅದಕ್ಕೆ ಕಾಣಲ್ಲ.

ಅಪ್ಪನ ಹಳೇ ಡಿಸ್ಚಾರ್ಜ್ ಸಮರಿ ಮನೇಲಿದ್ರೆ ಮೊದ್ಲು ಅದನ್ನ ಹುಡುಕಿ. ರಕ್ತನಾಳದಲ್ಲಿ ಬ್ಲಾಕ್ ಅಂತ ಬರೆದಿದ್ರೆ ಮೇಲೆ ಹೇಳಿದ್ದೇ ದಾರಿ. ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪತಿ (ಹಾರ್ಟಿನ ಸ್ನಾಯು ದಪ್ಪ ಆಗೋ, ವಂಶದಲ್ಲಿ ಬರೋ ಕಾಯಿಲೆ) ಅಂತ ಇದ್ರೆ ನಾನು ಬೇಡ ಅಂದಿದ್ದನ್ನ ಮರೆತುಬಿಡಿ, ಅದನ್ನ ತಗೊಂಡೋಗಿ ಡಾಕ್ಟ್ರಿಗೆ ತೋರಿಸಿ, ಇಸಿಜಿ ಎಕೋ ಮಾಡಿಸಿ, ಆಗ ಎಂಆರ್‌ಐ ಬಗ್ಗೆ ನೀವಾಗೇ ಕೇಳಿ.