ಶ್ವಾಸಕೋಶದ ಸಿಟಿ ಚಿತ್ರಗಳನ್ನು ಹೊಂದಿಸುವಾಗ ಗ್ರಿಡ್ ಅಂತರ ಎಷ್ಟಿರಬೇಕು?

ಉಸಿರು ಎಳೆದಾಗ ಮತ್ತು ಬಿಟ್ಟಾಗ ತೆಗೆದ ಎರಡು ಸಿಟಿ ಚಿತ್ರಗಳನ್ನು ನೀವು ಇಲಾಸ್ಟಿಕ್ಸ್ ತಂತ್ರಾಂಶದ ಬಿ-ಸ್ಪ್ಲೈನ್ ವಿಧಾನದಿಂದ, ಅಂದರೆ ನಿಯಂತ್ರಣ ಬಿಂದುಗಳ ಜಾಲವನ್ನು (ಗ್ರಿಡ್) ಸರಿಸಿ ಚಿತ್ರವನ್ನು ನುಣುಪಾಗಿ ಬಾಗಿಸುವ ವಿಧಾನದಿಂದ, ಹೊಂದಿಸುತ್ತಿದ್ದೀರಿ. ಆ ಬಿಂದುಗಳ ನಡುವಿನ ಅಂತರವನ್ನು 16 ಮಿ.ಮೀ.ನಿಂದ 4 ಮಿ.ಮೀ.ಗೆ ಇಳಿಸಿದಾಗ, ಎರಡು ಚಿತ್ರಗಳು ಎಷ್ಟು ಹೋಲುತ್ತವೆಂದು ಹೇಳುವ ಹೋಲಿಕೆಯ ಅಂಕ ಸುಧಾರಿಸಿದರೂ ಪಕ್ಕೆಲುಬುಗಳು ಸೊಟ್ಟಗಾಗುತ್ತಿವೆ, ಯಾವ ಮೌಲ್ಯ ಸರಿ ಎಂದು ಕೇಳಿದ್ದೀರಿ.

ಮೊದಲು, ಆ ಅಂಕವನ್ನು ನಂಬಿ ಪ್ಯಾರಾಮೀಟರ್ ಆರಿಸುವುದನ್ನು ದಯವಿಟ್ಟು ನಿಲ್ಲಿಸಿ. ಗ್ರಿಡ್ ಸಣ್ಣದಾದಷ್ಟೂ ರೂಪಾಂತರಕ್ಕೆ ಸ್ವಾತಂತ್ರ್ಯ ಹೆಚ್ಚುವುದರಿಂದ ಅಂಕ ಏರುವುದು ಸಹಜ. ಅಂಗಾಂಶದ ಪ್ರತಿ ಬಿಂದುವೂ ತನ್ನ ಜಾಗಕ್ಕೆ ಸೇರಿತೆಂದು ಅದರಿಂದ ತೀರ್ಮಾನಿಸಲಾಗದು. ಸಂಶೋಧಕ ಟಾರ್ಸ್ಟನ್ ರೋಲ್ಫಿಂಗ್ 2012ರಲ್ಲಿ ಇದನ್ನು ಬಹಳ ಸ್ಪಷ್ಟವಾಗಿ ತೋರಿಸಿದರು: ಬಿಂದುಗಳನ್ನು ಕೇವಲ ಹೊಳಪಿನ ಕ್ರಮದಲ್ಲಿ ಜೋಡಿಸುವ, ಅಂಗರಚನೆಯ ದೃಷ್ಟಿಯಿಂದ ಸಂಪೂರ್ಣ ಅಸಂಬದ್ಧವಾದ ವಿಧಾನಕ್ಕೂ ಉತ್ತಮ ಅಂಕಗಳು ದೊರೆತವು.

ಆದ್ದರಿಂದ ರಕ್ತನಾಳಗಳ ಕವಲುಗಳಲ್ಲಿ ಮೂವತ್ತು ನಲವತ್ತು ಗುರುತುಗಳನ್ನು ಎರಡೂ ಚಿತ್ರಗಳಲ್ಲಿ ಕೈಯಾರೆ ಇಡಿ, ಅವುಗಳ ನಡುವೆ ಉಳಿಯುವ ದೂರವನ್ನು ಮಿ.ಮೀ.ನಲ್ಲಿ ಅಳೆಯಿರಿ. ಬೇಸರದ ಕೆಲಸ ನಿಜ, ಆದರೆ ಇದಕ್ಕೆ ಬದಲಿಯನ್ನು ನಾನು ಕಂಡಿಲ್ಲ. ಅಭ್ಯಾಸಕ್ಕೆ, ಇಂಥ ಹೊಂದಿಕೆಯನ್ನು ಪರೀಕ್ಷಿಸಲೆಂದೇ ಇರುವ ಡಿಐಆರ್-ಲ್ಯಾಬ್ ಸಂಗ್ರಹದ 10 ರೋಗಿಗಳ ಚಿತ್ರಗಳಿವೆ. ಪ್ರತಿ ಜೋಡಿಗೂ 300 ಗುರುತುಗಳನ್ನು ಕೊಟ್ಟಿದ್ದಾರೆ. ಅಲ್ಲಿ ಸ್ಲೈಸ್‌ಗಳ ನಡುವಿನ ಅಂತರವೇ 2.5 ಮಿ.ಮೀ. ಇರುವುದರಿಂದ ಮಿ.ಮೀ.ನ ಹತ್ತನೇ ಒಂದು ಭಾಗದ ಸುಧಾರಣೆಯ ಹಿಂದೆ ಬೀಳಬೇಡಿ.

ಪಕ್ಕೆಲುಬು ಸೊಟ್ಟಗಾಗಲು ಗ್ರಿಡ್ ಒಂದೇ ಕಾರಣವಲ್ಲ. ಉಸಿರಾಡುವಾಗ ಶ್ವಾಸಕೋಶವು ಎದೆಗೂಡಿನ ಒಳಗೋಡೆಗೆ ತಾಗಿಕೊಂಡೇ ಜಾರುತ್ತದೆ, ಬಿ-ಸ್ಪ್ಲೈನ್ ಮಾತ್ರ ಎಲ್ಲೆಡೆ ನುಣುಪಾದ ಚಲನೆಯನ್ನೇ ಊಹಿಸುತ್ತದೆ. ಹಾಗಾಗಿ ಶ್ವಾಸಕೋಶದ ಚಲನೆ ಪಕ್ಕದ ಎಲುಬನ್ನೂ ಎಳೆದೊಯ್ಯುತ್ತದೆ. ಸ್ಥಿರ ಚಿತ್ರಕ್ಕೆ (ಬಾಗಿಸದೆ ಆಧಾರವಾಗಿ ಇಟ್ಟುಕೊಂಡ ಚಿತ್ರಕ್ಕೆ) ಶ್ವಾಸಕೋಶದ ಮಾಸ್ಕ್ ಕೊಡಿ, ಅಂದರೆ ಶ್ವಾಸಕೋಶವನ್ನಷ್ಟೇ ಲೆಕ್ಕಕ್ಕೆ ಗುರುತಿಸಿ; ಅಂಚಿನ ಮಾಹಿತಿ ಕಳೆಯದಂತೆ ಅದನ್ನು ಒಂದೆರಡು ವಾಕ್ಸೆಲ್ (ಮೂರು ಆಯಾಮದ ಪಿಕ್ಸೆಲ್) ಹಿಗ್ಗಿಸಿ. ಆಮೇಲೆ ಮಾಸ್ಕಿನ ಹೊರಗೆ ಎಲುಬು ಹೇಗೆ ಕಂಡರೂ ಅದಕ್ಕೆ ಅರ್ಥ ಹುಡುಕಬೇಡಿ.

ಇಷ್ಟಾದ ಮೇಲೆ 10 ಮಿ.ಮೀ. ಗ್ರಿಡ್‌ನಿಂದ ಆರಂಭಿಸಿ. ಬೆಂಡಿಂಗ್ ಎನರ್ಜಿ ದಂಡದ (ಚಿತ್ರ ಅತಿಯಾಗಿ ಬಾಗದಂತೆ ತಡೆಯುವ ಪದದ) ತೂಕವನ್ನು ಬೇರೆಯವರ ಲೇಖನದಿಂದ ನಕಲು ಮಾಡಬೇಡಿ, ಏಕೆಂದರೆ ಅದು ಹೋಲಿಕೆಯ ಮಾಪನ ಬದಲಾದಂತೆ ಬದಲಾಗುತ್ತದೆ; 0.01, 0.1, 1, 10 ಎಂದು ಹತ್ತು ಪಟ್ಟು ಹೆಜ್ಜೆಗಳಲ್ಲಿ ಪರೀಕ್ಷಿಸಿ. ಪ್ರತಿ ಸಲವೂ ಜಾಕೋಬಿಯನ್ ನಿರ್ಣಾಯಕದ (ಪ್ರತಿ ಬಿಂದುವಿನ ಸುತ್ತ ಗಾತ್ರ ಎಷ್ಟು ಪಟ್ಟಾಯಿತೆಂದು ಹೇಳುವ ಸಂಖ್ಯೆಯ) ಚಿತ್ರವನ್ನು ನೋಡಿ: ಸೊನ್ನೆ ಅಥವಾ ಋಣ ಮೌಲ್ಯವಿದ್ದಲ್ಲಿ ಜಾಗವೇ ಮಡಚಿಕೊಂಡಿದೆ, ಅಂಥ ಫಲಿತಾಂಶವನ್ನು ಗುರುತುಗಳ ದೋಷ ಎಷ್ಟೇ ಕಡಿಮೆಯಿದ್ದರೂ ನಾನು ಒಪ್ಪುವುದಿಲ್ಲ. ಉಸಿರೆಳೆದ ಚಿತ್ರ ಸ್ಥಿರ ಚಿತ್ರವಾಗಿದ್ದರೆ, ಉಸಿರು ಬಿಟ್ಟಾಗ ಶ್ವಾಸಕೋಶ ಕುಗ್ಗುವುದರಿಂದ, ಅದರ ಬಹುಭಾಗದಲ್ಲಿ ಈ ಮೌಲ್ಯ 1ಕ್ಕಿಂತ ಕಡಿಮೆ ಬರಬೇಕು.

ದೋಷವು ವಪೆಯ ಬಳಿ ಮಾತ್ರ ದೊಡ್ಡದಾಗಿ ಉಳಿದರೆ ಗ್ರಿಡ್ಡನ್ನು ಮುಟ್ಟಬೇಡಿ. ಅಲ್ಲಿನ ಚಲನೆ ಎಲ್ಲಕ್ಕಿಂತ ಹೆಚ್ಚಾದ್ದರಿಂದ ರೆಸಲ್ಯೂಷನ್ ಹಂತಗಳನ್ನು (ಒರಟು ಚಿತ್ರದಿಂದ ಸೂಕ್ಷ್ಮ ಚಿತ್ರದವರೆಗೆ ಹೊಂದಿಸುತ್ತ ಹೋಗುವ ಹಂತಗಳನ್ನು) ಇನ್ನೊಂದು ಏರಿಸಿ, ಅತಿ ಒರಟಾದ ಹಂತದ ಫಲಿತಾಂಶವನ್ನು ಮೊದಲು ನೋಡಿ.